ಕುಂದಗೋಳದ ರಾಮಭಾವು

ರಾಜ್ಯೋತ್ಸವದ ತೋರಣಗಳನ್ನು ಬಿಚ್ಚಿ ಒಂದು ತಿಂಗಳು ಕಳೆಯುವುದರೊಳಗೆ ಪುಣೆಯಲ್ಲಿ ಇನ್ನೊಂದು ಉತ್ಸವದ ಸಡಗರ ಮೊದಲಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು, ಬುತ್ತಿ ಕಟ್ಟಿಕೊಂಡು, ಸಾವಿರಾರು ಜನ ಹಾಡು ಕೇಳಲು ಹೊರಡುತ್ತಾರೆ. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಸವಾಯಿಗೆ ಎಂದು ಒಂದೇ ಮಾತಿನ ಉತ್ತರ. ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರಿಗೆ ಸವಾಯಿ ಎಂಬುದು ಉತ್ಸವದ ಹೆಸರೆಂದೇ ತಿಳಿವಳಿಕೆ. ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ಹುಬ್ಬಳ್ಳಿಯ ಹತ್ತಿರದ ಕುಂದಗೋಳದವರು, ಅವರ ಮನೆಯ ಮಾತು ಕನ್ನಡ ಎಂಬುದನ್ನು ಹೇಳಿದಾಗ ಅವರು ಅಚ್ಚರಿಪಡುತ್ತಾರೆ. ಆ ಅಚ್ಚರಿಯೇ ಈ ಲೇಖನಕ್ಕೆ ಕಾರಣ.

ರಾಮಚಂದ್ರ ಗಣೇಶ ಸೌಂಶಿ ಎಂಬುದು ಅವರ ಪೂರ್ಣ ಹೆಸರು. ಜನರ ಬಾಯಲ್ಲಿ ರಾಮಭಾವು ಕುಂದಗೋಳಕರ. 1886ನೆಯ ಇಸವಿಯ ಜನವರಿ 19ರಂದು ಅವರು ಹುಟ್ಟಿದರು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಸಣ್ಣ ಊರು. ತಂದೆ ಗಣೇಶರಾಯರು ಅಲ್ಲಿಯ ಜಮೀನುದಾರರಾದ ನಾಡಗೀರರ ಮನೆಯಲ್ಲಿ ವಸೂಲಿಯ ಲೆಕ್ಕ ಬರೆಯುವ ಕಾರಕೂನಿಕೆ ಮಾಡುತ್ತಿದ್ದರು. ಸಂಬಳ ದೊಡ್ಡದಲ್ಲ, ಆದರೆ ಆ ಕೆಲಸದೊಡನೆ ಬಂದ ಒಂದು ಲಾಭ ಸಣ್ಣದಾಗಿರಲಿಲ್ಲ. ನಾಡಗೀರರು ಸಂಗೀತದ ಹುಚ್ಚಿದ್ದವರು. ದಕ್ಷಿಣಕ್ಕೆ ಬಂದ ಗವಾಯಿಗಳು ಅವರ ವಾಡೆಯಲ್ಲಿ ಇಳಿದುಕೊಳ್ಳುತ್ತಿದ್ದರು, ಬೈಠಕ್ಕುಗಳು ನಡೆಯುತ್ತಿದ್ದವು. ಕಾರಕೂನನ ಮಗನಿಗೆ ಅಲ್ಲಿ ತಡೆಯಿರಲಿಲ್ಲ. ತಂದೆಗೂ ಹಾಡುವ ಹವ್ಯಾಸವಿದ್ದುದರಿಂದ ಒಂದೆರಡು ಭಜನೆಗಳನ್ನು ಮನೆಯಲ್ಲಿಯೇ ಕಲಿಸಿದ್ದರು.

ಓದಿಗಾಗಿ ಹುಡುಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ಹಾಕಿದರು. ಊರಿನಿಂದ ಅದು ಹನ್ನೆರಡು ಮೈಲಿ ದೂರ. ಹೋಗಿಬರುವ ಶ್ರಮ ಒಂದು ಕಡೆ, ಪಾಠದಲ್ಲಿ ಮನಸ್ಸಿಲ್ಲದಿರುವುದು ಇನ್ನೊಂದು ಕಡೆ, ಶಾಲೆ ತಪ್ಪತೊಡಗಿತು. ತಂದೆ ವಿವೇಕಿಗಳು. ಮಗನ ಒಲವು ಎತ್ತಲಿದೆಯೆಂದು ಕಂಡು ಬಳವಂತರಾವ ಕೊಲ್ಹಟಕರರಲ್ಲಿ ಸಂಗೀತಕ್ಕೆ ಬಿಟ್ಟರು. 1898ರಲ್ಲಿ ಕೊಲ್ಹಟಕರರು ತೀರಿಕೊಂಡಾಗ ರಾಮಭಾವುಗೆ ಹನ್ನೆರಡು ವರ್ಷ. ಅಷ್ಟರೊಳಗೆ ಅವನಿಗೆ ಸುಮಾರು 75 ಧ್ರುಪದಗಳೂ 25 ತರಾನಾಗಳೂ ನೂರರಷ್ಟು ದ್ರುತ ಖ್ಯಾಲುಗಳೂ ಬರುತ್ತಿದ್ದವು. ಕೆಲವು ತಾಳಗಳ ಪರಿಚಯವೂ ಆಗಿದ್ದಿತು.

ವಾಚಕರು ಈ ಲೆಕ್ಕವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಹನ್ನೆರಡರ ಹುಡುಗನಿಗೆ ಇನ್ನೂರು ಚೀಜುಗಳು! ಇಂದು ನಮ್ಮ ಯಾವುದೇ ಸಂಘದ ವಾರ್ಷಿಕೋತ್ಸವದಲ್ಲಿ ಅಂಥ ಹುಡುಗನೊಬ್ಬ ಕಂಡರೆ ಬಾಲಪ್ರತಿಭೆ ಎಂದು ಶಾಲು ಹೊದಿಸಿ ಕಳಿಸುತ್ತೇವೆ. ದನಿಯೂ ಇಂಪಾಗಿದ್ದಿತು. ಇನ್ನೇನು ಬೇಕು ಎಂದು ಯಾರಿಗಾದರೂ ಅನಿಸಬಹುದಾಗಿತ್ತು.

ಇನ್ನೂ ಎಲ್ಲವೂ ಬೇಕಾಗಿದೆ ಎಂದು ಕಂಡವರು ಅಬ್ದುಲ್ ಕರೀಮ್ ಖಾನ್ ಸಾಹೇಬರು. ಉತ್ತರದ ಕೈರಾನಾ ಎಂಬ ಊರಿನಲ್ಲಿ 1872ರಲ್ಲಿ ಹುಟ್ಟಿದ ಈ ಗವಾಯಿಗಳು ಬಡೋದೆಯ ದರಬಾರನ್ನು ಬಿಟ್ಟು ಮುಂಬಯಿ, ಮಿರಜ, ಬೆಳಗಾವಿ, ಹುಬ್ಬಳ್ಳಿಗಳ ಕಡೆಗೆ ಬಂದು, ಕೊನೆಗೆ ಮಿರಜನ್ನೇ ತಮ್ಮ ಊರಾಗಿ ಮಾಡಿಕೊಂಡರು. ಕುಂದಗೋಳದ ವಾಡೆಗೆ ಅವರು ಬಂದಾಗ, ತಾನು ಕೇಳಿದ್ದ ಅವರ ಚೀಜೊಂದನ್ನು ಹುಡುಗ ಗುನುಗುತ್ತಿದ್ದುದು ಅವರ ಕಿವಿಗೆ ಬಿದ್ದಿತೆಂದೂ, ಅದರಿಂದಲೇ ಗುರುಶಿಷ್ಯರ ಸಂಬಂಧ ಏರ್ಪಟ್ಟಿತೆಂದೂ ಹೇಳುತ್ತಾರೆ. ಖಾನ್ ಸಾಹೇಬರು ಒಂದು ಕರಾರು ಹಾಕಿದರು: ಹುಡುಗ ಎಂಟು ವರ್ಷ ತಮ್ಮೊಡನೆ ಇರಬೇಕು. ಕಾರಕೂನಿಕೆಯ ಮನೆಗೆ ಎಂಟು ವರ್ಷವೆಂದರೆ ಸಣ್ಣ ಮಾತಲ್ಲ. ಅಷ್ಟರಲ್ಲಿ ಹುಡುಗ ಮೆಟ್ರಿಕ್ ಮುಗಿಸಿ ಮಾಮಲೇದಾರರ ಕಚೇರಿಯಲ್ಲಿ ಕೂತಿರುತ್ತಿದ್ದ. ಗಣೇಶರಾಯರು ಒಪ್ಪಿದರು. ಈ ತಂದೆಯ ವಿಷಯವಾಗಿ ನಮ್ಮ ಸಂಗೀತದ ಇತಿಹಾಸಕಾರರು ಎರಡು ಸಾಲಿಗಿಂತ ಹೆಚ್ಚು ಬರೆಯದಿರುವುದು ನನಗೆ ಯಾವಾಗಲೂ ಕೊರತೆಯಾಗಿ ತೋರಿದೆ.

ಇನ್ನೂರು ಚೀಜುಗಳ ಗಂಟನ್ನು ಹೊತ್ತುಕೊಂಡು ಹೋದ ಹುಡುಗನಿಗೆ ಗುರುಗಳು ಕೊಟ್ಟದ್ದು ಇನ್ನೂರೊಂದನೆಯ ಚೀಜನ್ನಲ್ಲ. ಮತ್ತೆ ಷಡ್ಜದಿಂದ ಆರಂಭ. ಕಿರಾನಾ ಘರಾಣೆಯ ಕ್ರಮವೇ ಅಂಥದು. ಅಲ್ಲಿ ಚೀಜಿನ ಸಾಹಿತ್ಯಕ್ಕಿಂತ, ತಾಳದ ಜಟಿಲತೆಗಿಂತ ಸ್ವರವೇ ಮುಖ್ಯ. ಸ್ವರ ತನ್ನ ಸ್ಥಾನದಲ್ಲಿ ನಿಂತಿದೆಯೋ ಇಲ್ಲವೋ ಎಂಬುದೊಂದೇ ಮೊದಲ ಪ್ರಶ್ನೆ. ಖಾನ್ ಸಾಹೇಬರ ಕಿವಿ ಎಷ್ಟು ಸೂಕ್ಷ್ಮವಾದುದೆಂದರೆ, ಮುಂದೆ ಸಾಂಗಲಿಯ ದೇವಲರು ಶ್ರುತಿಗಳ ಶೋಧನೆ ಕೈಕೊಂಡಾಗ ಹಾಡಿ ತೋರಿಸಲು ನೆರವಾದವರು ಅವರೇ. ಅಂಥ ಕಿವಿಯ ಮುಂದೆ ಕುಳಿತು ಸಾ ಎನ್ನುವುದು ಹುಡುಗಾಟವೇ?

ಈ ಘರಾಣೆಯಲ್ಲಿ ಅಭ್ಯಾಸವೆಂದರೇನೆಂಬುದನ್ನು ಬಿಡಿಸಿ ಹೇಳುವುದು ಒಳ್ಳೆಯದು. ನಸುಕಿನಲ್ಲಿ ಎದ್ದು, ತಂಬೂರಿ ಹಿಡಿದು, ಮಂದ್ರದ ಸ್ವರಗಳಲ್ಲಿ ನಿಲ್ಲುವುದು ಮೊದಲ ಕೆಲಸ. ಉಸಿರು ಮುಗಿಯುವವರೆಗೆ ಒಂದೇ ಸ್ವರ. ಮತ್ತೆ ಉಸಿರೆಳೆದು ಅದೇ ಸ್ವರ. ಇದಕ್ಕೆ ಖರ್ಜ ಎನ್ನುತ್ತಾರೆ. ಆಮೇಲೆ ಪಲ್ಟಾಗಳು. ನಾಲ್ಕಾರು ಸ್ವರಗಳ ಒಂದು ಗುಚ್ಛವನ್ನು ಒಂದೊಂದು ಮೆಟ್ಟಿಲು ಮೇಲಕ್ಕೇರಿಸುತ್ತ, ಮತ್ತೆ ಒಂದೊಂದು ಮೆಟ್ಟಿಲು ಇಳಿಸುತ್ತ, ಮೊದಲು ನಿಧಾನವಾಗಿ, ಸ್ವಚ್ಛವಾದ ಮೇಲೆ ಮಾತ್ರ ತುಸು ವೇಗವಾಗಿ ಹಾಡುವುದು. ಎಲ್ಲಿ ಒಂದು ಸ್ವರ ಮಸುಕಾಯಿತೋ ಅಲ್ಲಿಯೇ ನಿಲ್ಲಬೇಕು. ಮಸುಕಾದ ಸ್ವರವನ್ನು ದಾಟಿ ಮುಂದಕ್ಕೋಡಿದರೆ ಅಂದಿನ ಅಭ್ಯಾಸವೆಲ್ಲ ತಪ್ಪಿನ ಅಭ್ಯಾಸವೇ. ಹೊರಗಿನವರಿಗೆ ಇದು ಬೇಸರದ ಕೆಲಸವಾಗಿ ಕಾಣುತ್ತದೆ. ನೆರೆಮನೆಯವರಿಗಂತೂ ಶಿಕ್ಷೆ. ಆದರೆ ಸಾವಿರ ಸಲ ಹಾಡುವುದು ಬೇರೆ, ಸಾವಿರ ಸಲವೂ ಕಿವಿಗೊಟ್ಟು ಹಾಡುವುದು ಬೇರೆ. ರಾಮಭಾವು ಮಾಡಿದ್ದು ಎರಡನೆಯದನ್ನು. ಏಕೆಂದರೆ ಎದುರಿಗೆ ಕುಳಿತಿದ್ದವರು ಮೊದಲನೆಯದಕ್ಕೆ ಅವಕಾಶ ಕೊಡುವವರಾಗಿರಲಿಲ್ಲ.

ಹೀಗಿರುವಾಗ ಅವನಿಗೆ ಆಪತ್ತೊಂದು ಒದಗಿತು. ಪ್ರಾಯಕ್ಕೆ ಬಂದೊಡನೆ ದನಿ ಒಡೆಯಿತು.

ಗಂಡುಮಕ್ಕಳೆಲ್ಲರಿಗೂ ದನಿ ಒಡೆಯುತ್ತದೆ. ಕೆಲವರಿಗೆ ಹಳೆಯ ಇಂಪಿನ ಜಾಗದಲ್ಲಿ ಹೊಸ ಇಂಪು ಬರುತ್ತದೆ. ರಾಮಭಾವುಗೆ ಬರಲಿಲ್ಲ. ಬಾಲಕನ ಮೃದುವಾದ ಕಂಠ ಹೋಗಿ ಒರಟಾದ, ಬಾಗದ, ಬೇಗ ಮಾತು ಕೇಳದ ಕಂಠ ಉಳಿಯಿತು. ಗುರುಗಳ ಕಂಠವಾದರೋ ಹೆಂಗಳೆಯರ ದನಿಯಷ್ಟು ತೆಳುವಾಗಿ, ತಾರಸ್ಥಾಯಿಯಲ್ಲಿ ಎಣ್ಣೆಯ ಧಾರೆಯಂತೆ ಹರಿಯುವಂಥದು. ಆ ಘರಾಣೆಯ ಗಾಯನದ ಸೊಗಸೆಲ್ಲ ಅಂಥ ಕಂಠವನ್ನೇ ನೆಚ್ಚಿಕೊಂಡಿದ್ದಿತು. ಸ್ವರವೇ ಸರ್ವಸ್ವವೆನ್ನುವ ಮನೆಯಲ್ಲಿ ಕೆಟ್ಟ ದನಿಯ ಶಿಷ್ಯನಿಗೆ ಏನು ಸ್ಥಾನ? ಬೇರೆ ಘರಾಣೆಯಾಗಿದ್ದರೆ ಲಯಕಾರಿಯಿಂದಲೋ ಚೀಜುಗಳ ಸಂಗ್ರಹದಿಂದಲೋ ಆ ಕೊರತೆಯನ್ನು ಮರೆಸಬಹುದಾಗಿತ್ತು. ಇಲ್ಲಿ ಮರೆಮಾಚುವುದಕ್ಕೆ ಸ್ಥಳವೇ ಇರಲಿಲ್ಲ.

ಅಂದು ಅವರು ಹಾಡುವುದನ್ನು ಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬಿಡಲಿಲ್ಲ, ಆ ದನಿಯನ್ನೇ ಪಳಗಿಸಲು ಕುಳಿತರು. ತಮ್ಮ ಗಂಟಲು ಎಲ್ಲಿ ಮುಗ್ಗರಿಸುತ್ತದೆ, ಯಾವ ಸ್ವರದಿಂದ ಯಾವ ಸ್ವರಕ್ಕೆ ಹೋಗುವಾಗ ಸೀಳುತ್ತದೆ, ಎಷ್ಟು ಹೊತ್ತು ಹಾಡಿದ ಮೇಲೆ ಮೆತ್ತಗಾಗುತ್ತದೆ ಎಂಬುದನ್ನೆಲ್ಲ ರೈತ ತನ್ನ ಹೊಲದ ಕಲ್ಲುಗಳನ್ನು ಅರಿತಂತೆ ಅರಿತುಕೊಂಡರು. ಸುಲಭವಾಗಿ ಬರುವುದನ್ನು ಹಾಡಿ ಸಂತೋಷಪಡುವುದು ಮನುಷ್ಯಸ್ವಭಾವ. ಬಾರದಿರುವುದನ್ನೇ ಆರಿಸಿಕೊಂಡು ದಿನವೂ ಅದರೊಡನೆ ಸೆಣಸುವುದಕ್ಕೆ ಬೇರೆ ಎದೆ ಬೇಕು. ವರ್ಷಗಳ ಮೇಲೆ ಆ ಕಂಠ ಒಲಿಯಿತು. ಆದರೂ ಪೂರ್ಣವಾಗಿ ಒಲಿಯಿತೆಂದು ಹೇಳಿದರೆ ಸುಳ್ಳಾದೀತು. ಕಚೇರಿಯ ಆರಂಭದಲ್ಲಿ ಅವರ ದನಿ ಗೊಗ್ಗರಾಗಿ, ಕೂಡದೆ, ಕೇಳುವವರಿಗೆ ಕಸಿವಿಸಿಯಾಗುವಂತೆ ಇರುತ್ತಿದ್ದಿತು. ಹೊಸಬರು ಈತನೇ ಆ ಪ್ರಸಿದ್ಧ ಗಾಯಕನೇ ಎಂದು ಮುಖಮುಖ ನೋಡಿಕೊಳ್ಳಬೇಕು. ಬಲ್ಲವರು ಸುಮ್ಮನೆ ಕಾದು ಕೂಡಬೇಕು. ಹೊತ್ತು ಕಳೆದಂತೆ ಗಂಟಲು ಕಾಯುತ್ತಿತ್ತು, ಸ್ವರಗಳು ಒಂದೊಂದಾಗಿ ಬೆಳಕಿಗೆ ಬರುತ್ತಿದ್ದವು, ಆಮೇಲೆ ಹರಿಯುತ್ತಿದ್ದುದು ಕೇಳಿದವರು ಬಹುಕಾಲ ಮರೆಯದಂಥ ಗಾಯನ. ಕಲಿತು ಮುಗಿಸಿದ್ದನ್ನು ಪ್ರತಿಯೊಂದು ಕಚೇರಿಯಲ್ಲಿಯೂ ಜನರೆದುರಿಗೆ ಮತ್ತೊಮ್ಮೆ ಗೆಲ್ಲಬೇಕಾಗಿದ್ದಿತು. ನನ್ನ ಮಟ್ಟಿಗೆ ಅವರ ಜೀವನದಲ್ಲಿ ಇದಕ್ಕಿಂತ ದೊಡ್ಡ ಸಂಗತಿಯಿಲ್ಲ.

ತಾಲೀಮು ಮುಗಿದ ಮೇಲೆ ರಾಮಭಾವು ನಾಟಕಕ್ಕೆ ಸೇರಿದರು. ಗುರುಗಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಖ್ಯಾಲಿಗಾಗಿ ಇಷ್ಟು ವರ್ಷ ತಿದ್ದಿದ ಕಂಠವನ್ನು ನಾಟಕದ ಪದಗಳಿಗೆ ಖರ್ಚು ಮಾಡುವುದೇ ಎಂಬ ನೋವು ಅವರಿಗಿದ್ದರೆ ಅದು ಸಹಜ. ಶಿಷ್ಯರ ಪಕ್ಷದಲ್ಲಿಯೂ ಹೇಳುವುದಿದೆ. ಆಗ ಸಂಗೀತಗಾರನಿಗೆ ತಿಂಗಳ ಸಂಬಳ ಕೊಡುವವರೆಂದರೆ ಸಂಸ್ಥಾನಿಕರು ಇಲ್ಲವೆ ನಾಟಕ ಮಂಡಳಿಗಳು. ಮರಾಠಿ ಸಂಗೀತ ರಂಗಭೂಮಿ ಆಗ ಏರುಜವ್ವನದಲ್ಲಿದ್ದಿತು. ರಾಮಭಾವು ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ, ವಿಶೇಷವಾಗಿ ಸೌಭದ್ರ ನಾಟಕದ ಸುಭದ್ರೆಯಾಗಿ ಹೆಸರು ಗಳಿಸಿದರು. ಕುಂದಗೋಳದ ಕನ್ನಡಿಗ ಮರಾಠಿಯಲ್ಲಿ ಮಾತಾಡಿ, ಮರಾಠಿಯಲ್ಲಿ ಹಾಡಿ, ಮರಾಠಿ ಪ್ರೇಕ್ಷಕರ ಮನೆಮಾತಾದದ್ದು ಪರಸ್ಥಳದಲ್ಲಿ ಬಾಳು ಕಟ್ಟಿಕೊಂಡ ನಮ್ಮಂಥವರಿಗೆ ವಿಶೇಷವಾಗಿ ತಿಳಿಯಬೇಕಾದ ಸಂಗತಿ. ಕಚೇರಿಯಲ್ಲಿ ಇನ್ನೊಬ್ಬರ ಮಾತನ್ನಾಡಿ, ಮನೆಗೆ ಬಂದು ನಮ್ಮ ಮಾತನ್ನಾಡುವುದು ನಮಗೂ ಹೊಸದಲ್ಲವಷ್ಟೆ.

ಆ ಕಾಲದ ರಂಗಭೂಮಿಯಲ್ಲಿ ನಾರಾಯಣರಾವ ರಾಜಹಂಸರು ಬಾಲಗಂಧರ್ವರೆಂದು ಮೆರೆಯುತ್ತಿದ್ದರು. ಅಮರಾವತಿಯಲ್ಲಿ ರಾಮಭಾವು ಅವರ ಪಾತ್ರವನ್ನೂ ಗಾಯನವನ್ನೂ ಮೆಚ್ಚಿದ ದಾದಾಸಾಹೇಬ ಖಾಪರ್ಡೆಯವರು ಅವರಿಗೆ ಸವಾಯಿ ಗಂಧರ್ವ ಎಂಬ ಬಿರುದು ಕೊಟ್ಟರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು ಎಂದರ್ಥ. ಬಿರುದಿನಲ್ಲಿ ಮೆಚ್ಚುಗೆಯ ಭರ ಇದ್ದೇ ಇರುತ್ತದೆ. ಇಬ್ಬರಲ್ಲಿ ಯಾರು ಹೆಚ್ಚೆಂಬ ತಕರಾರು ಈಗ ನಮಗೆ ಬೇಡ. ಒಂದು ಮಾತನ್ನು ಮಾತ್ರ ಹೇಳಬಹುದು. ಬಾಲಗಂಧರ್ವರಿಗೆ ಕಂಠವು ದೇವರು ಕೊಟ್ಟ ಸೊತ್ತಾಗಿದ್ದಿತು, ಸವಾಯಿ ಗಂಧರ್ವರು ದುಡಿದು ಗಳಿಸಿದ್ದರು.

ಮೂಕಿ ಚಿತ್ರಗಳು ಹೋಗಿ ಮಾತಿನ ಚಿತ್ರಗಳು ಬಂದ ಮೇಲೆ ನಾಟಕ ಮಂಡಳಿಗಳು ಒಂದೊಂದಾಗಿ ಇಳಿಮುಖವಾದವು. ರಾಮಭಾವು ಬೈಠಕ್ಕುಗಳಿಗೆ ಮರಳಿದರು, ಕುಂದಗೋಳಕ್ಕೂ ಮರಳಿದರು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಅವರ ಜೀವನದ ಇನ್ನೊಂದು ಭಾಗ ಆರಂಭವಾಯಿತು. ಇಂದು ನಾವು ಅವರನ್ನು ಮುಖ್ಯವಾಗಿ ನೆನೆಯುವುದು ಆ ಭಾಗಕ್ಕಾಗಿಯೇ.

ಗದಗಿನ ಗುರುರಾಜ ಜೋಶಿಯವರ ಮಗ ಭೀಮಸೇನ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿಹೋಗಿ, ಗ್ವಾಲಿಯರ, ಕಲಕತ್ತೆ ಎಂದು ಅಲೆದು, ಜಾಲಂಧರದವರೆಗೂ ಹೋದ ಕಥೆ ಎಲ್ಲರಿಗೂ ಗೊತ್ತಿದೆ. ಅಲ್ಲಿ ವಿನಾಯಕರಾವ ಪಟವರ್ಧನರು, ನಿನಗೆ ಬೇಕಾದ ಗುರು ನಿನ್ನ ಊರಿನ ಪಕ್ಕದಲ್ಲಿಯೇ ಇರುವಾಗ ಇಲ್ಲಿಗೇಕೆ ಬಂದೆಯೆಂದು ತಿಳಿಯಹೇಳಿ ಹಿಂದಕ್ಕೆ ಕಳಿಸಿದರು. 1936ರಲ್ಲಿ ಹುಡುಗ ಕುಂದಗೋಳಕ್ಕೆ ಬಂದ. ಬಂದವನಿಗೆ ಮೊದಲು ಸಿಕ್ಕಿದ್ದು ತಂಬೂರಿಯಲ್ಲ, ನೀರಿನ ಕೊಡ. ಮನೆಗೆಲಸ ಮಾಡುತ್ತ, ನೀರು ಹೊರುತ್ತ, ಗುರುಗಳು ಇತರರಿಗೆ ಹೇಳಿಕೊಡುವುದನ್ನು ಕೇಳುತ್ತ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆಯಬೇಕಾಯಿತು. ಈಗಿನ ತಂದೆತಾಯಿಗಳು ಇದನ್ನು ಒಪ್ಪಲಾರರು, ನಾನೂ ಇದನ್ನು ಹೊಗಳಲಾರೆ. ಆ ಕಾಲದ ಗುರುಕುಲದ ಪದ್ಧತಿಯಲ್ಲಿ ಒಳಿತಿನೊಡನೆ ಕಠೋರವೂ ಬೆರೆತಿದ್ದಿತು. ಆದರೆ ಪಾಠ ಆರಂಭವಾದ ಮೇಲೆ ನಡೆದುದರಲ್ಲಿ ಗುರುವಿನ ಬುದ್ಧಿವಂತಿಕೆ ಕಾಣುತ್ತದೆ.

ಅವರು ಭೀಮಸೇನನಿಗೆ ರಾಗಗಳ ರಾಶಿಯನ್ನು ಕೊಡಲಿಲ್ಲ. ಬೆಳಗಿಗೆ ತೋಡಿ, ಮಧ್ಯಾಹ್ನ ಇಳಿದ ಮೇಲೆ ಮುಲ್ತಾನಿ, ಸಂಜೆಗೆ ಪೂರಿಯಾ. ಈ ಮೂರನ್ನೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿದ್ದಿದರು. ಈ ಮೂರೇ ಏಕೆ? ಸಂಗೀತ ಬಲ್ಲವರು ಗಮನಿಸಿರಬಹುದು: ತೋಡಿ, ಮುಲ್ತಾನಿ ಎರಡಕ್ಕೂ ಸ್ವರಗಳು ಒಂದೇ. ಎರಡರಲ್ಲಿಯೂ ರಿಷಭ, ಗಾಂಧಾರ, ಧೈವತಗಳು ಕೋಮಲ, ಮಧ್ಯಮ ತೀವ್ರ. ಆದರೂ ತೋಡಿ ತೋಡಿಯೇ, ಮುಲ್ತಾನಿ ಮುಲ್ತಾನಿಯೇ. ಮುಲ್ತಾನಿ ಏರುವಾಗ ರಿಷಭ ಧೈವತಗಳನ್ನು ಬಿಟ್ಟು ಹೋಗುತ್ತದೆ, ಪಂಚಮದಲ್ಲಿ ಸುಖವಾಗಿ ನಿಲ್ಲುತ್ತದೆ. ತೋಡಿ ರಿಷಭ ಗಾಂಧಾರಗಳಲ್ಲಿ ಸುಳಿದಾಡುತ್ತ ಪಂಚಮವನ್ನು ಹಿಂದಿಡುತ್ತದೆ, ಅದರ ಗಾಂಧಾರವಂತೂ ಇನ್ನೂ ಒಂದು ಕೂದಲೆಳೆ ಕೆಳಗೆ. ಪೂರಿಯಾದಲ್ಲಿ ಪಂಚಮವೇ ಇಲ್ಲ. ತಂಬೂರಿಯ ಆಸರೆಯನ್ನು ಅರ್ಧ ಕಳೆದುಕೊಂಡು ನಿಷಾದ, ತೀವ್ರ ಮಧ್ಯಮಗಳ ಮೇಲೆ ನಿಲ್ಲಲು ಕಲಿಯಬೇಕು. ಹೀಗೆ ಮೂರು ರಾಗಗಳಲ್ಲಿ ಕಿವಿಗೆ ಬೇಕಾದ ಕಠಿಣ ಪರೀಕ್ಷೆಗಳೆಲ್ಲ ಅಡಗಿವೆ. ಒಂದೇ ಏಣಿಯ ಮೇಲೆ ಎರಡು ಬೇರೆ ಬೇರೆ ಅಟ್ಟಗಳಿಗೆ ಹೋಗಲು ಕಲಿತವನು ಹೊಸ ರಾಗವನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಾನೆ. ಬಾಲ್ಯದಲ್ಲಿ ಇನ್ನೂರು ಚೀಜುಗಳನ್ನು ಹೊತ್ತು ಮತ್ತೆ ಸಾ ಎಂಬಲ್ಲಿಗೆ ಮರಳಿದ್ದ ಗುರು, ಶಿಷ್ಯನಿಗೆ ಆ ಸುತ್ತುದಾರಿಯನ್ನು ತಪ್ಪಿಸಿದರೆಂದು ನಾನು ತಿಳಿಯುತ್ತೇನೆ.

ಇದೇ ವರ್ಷಗಳಲ್ಲಿ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದರು. ಅವರಿಗೆ ಗುರುಗಳು ಮೊದಲೇ ಗೊತ್ತಿದ್ದರೂ ನಾಟಕದ ತಿರುಗಾಟದಿಂದ ಪಾಠ ಬಿಟ್ಟು ಬಿಟ್ಟು ನಡೆದಿದ್ದಿತು. ಗುರುಗಳು ಊರಿನಲ್ಲಿ ನೆಲೆನಿಂತ ಮೇಲೆ ಮೂರು ವರ್ಷ ಒಂದೇ ಸಮನೆ ನಡೆಯಿತು. ಮನೆ, ಮಕ್ಕಳು, ಸಂಸಾರದ ತಾಪತ್ರಯ, ದಾರಿಯಲ್ಲಿ ಜನರ ಕುಹಕ, ಇವೆಲ್ಲವನ್ನೂ ಹುಬ್ಬಳ್ಳಿಯಲ್ಲಿ ಬಿಟ್ಟು ರೈಲು ಹತ್ತಬೇಕು. ಅಲ್ಲಿ ಸಿಗುವುದೋ ಒಂದು ಸಣ್ಣ ಸ್ವರಗುಚ್ಛ. ಅದು ಗಂಟಲಲ್ಲಿ ನೆಲೆಗೊಳ್ಳುವವರೆಗೆ ಇನ್ನೊಂದು ಸಿಗುವುದಿಲ್ಲ. ದಿನವಿಡೀ ಅದೇ, ಮರುದಿನ ಬಂದಾಗ ಮತ್ತೆ ಅದನ್ನೇ ಒಪ್ಪಿಸಬೇಕು. ರಾತ್ರಿ ಅವರನ್ನು ಸ್ಟೇಶನ್ನಿಗೆ ಮುಟ್ಟಿಸಲು ಹೋಗುತ್ತಿದ್ದ ಭೀಮಸೇನ, ಅಂದು ಗುರುಗಳು ಅವರಿಗೆ ಏನು ಹೇಳಿಕೊಟ್ಟರೆಂದು ದಾರಿಯಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದನೆಂದು ಹುಬ್ಬಳ್ಳಿ ಧಾರವಾಡದ ಸಂಗೀತ ಬಳಗದಲ್ಲಿ ಈಗಲೂ ಹೇಳುತ್ತಾರೆ. ಮುಂದೆ ಗಂಗೂಬಾಯಿಯವರ ದನಿಯೂ ಬದಲಾಗಿ ಗಂಡಸಿನ ದನಿಯಂತೆ ಗಡಸಾಯಿತು. ಆಗ ಅವರು ಎದೆಗುಂದಲಿಲ್ಲ. ಒಡೆದ ದನಿಯನ್ನು ಕಟ್ಟಿಕೊಂಡು ಗೆದ್ದವರ ಬಳಿ ಅವರು ಕಲಿತಿದ್ದರಲ್ಲವೆ!

ಮುಂಬಯಿಯ ಕಡೆಯಿಂದ ಬಂದ ಶಿಷ್ಯರಲ್ಲಿ ಫಿರೋಜ ದಸ್ತೂರರು ಮುಖ್ಯರು. ಪಾರಸಿ ಮನೆತನದ ಇವರು 1933ರ ಲಾಲ್-ಎ-ಯಮನ್ ಚಿತ್ರದಲ್ಲಿ ಹಾಡಿ ನಟಿಸಿದ ಬಾಲನಟರು. ಆಮೇಲೆ ಚಿತ್ರಗಳನ್ನು ಬಿಟ್ಟು ಕಿರಾನಾದ ಗಾಯನಕ್ಕೆ ಬಾಳನ್ನೇ ಸಲ್ಲಿಸಿದರು. ಬಸವರಾಜ ರಾಜಗುರುಗಳೂ ಕೆಲಕಾಲ ರಾಮಭಾವು ಅವರಲ್ಲಿ ಪಾಠ ಹೇಳಿಸಿಕೊಂಡರು. ಗದಗಿನ ವೈಷ್ಣವರ ಹುಡುಗ, ಹುಬ್ಬಳ್ಳಿಯ ಗಂಗೂಬಾಯಿ, ಮುಂಬಯಿಯ ಪಾರಸಿ, ಇವರೆಲ್ಲರಿಗೂ ಕುಂದಗೋಳದ ಬ್ರಾಹ್ಮಣ ಗುರು, ಆ ಗುರುವಿಗೆ ಕೈರಾನಾದ ಮುಸಲ್ಮಾನ ಗುರು. ಅವರವರಲ್ಲಿ ಈ ವಿಷಯ ಚರ್ಚೆಗೆ ಬಂದಂತೆಯೇ ಕಾಣುವುದಿಲ್ಲ. ಸ್ವರ ಕೂಡಿತೇ ಇಲ್ಲವೇ ಎಂಬುದರ ಮುಂದೆ ಉಳಿದ ಪ್ರಶ್ನೆಗಳಿಗೆ ಅವರಿಗೆ ಬಿಡುವಿದ್ದಂತಿಲ್ಲ.

1937ರ ಅಕ್ಟೋಬರಿನಲ್ಲಿ ಅಬ್ದುಲ್ ಕರೀಮ್ ಖಾನ್ ಸಾಹೇಬರು ಮದರಾಸಿನ ಕಡೆಯಿಂದ ಪಾಂಡಿಚೇರಿಗೆ ಹೊರಟಿದ್ದಾಗ ದಾರಿಯಲ್ಲಿ ಎದೆನೋವು ಬಂದು, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದು, ಅಲ್ಲಿಯೇ ಪ್ರಾಣಬಿಟ್ಟರು. ಚೆನ್ನೈಯಲ್ಲಿರುವ ನಮ್ಮ ಬಾಂಧವರು ಚೆಂಗಲ್ಪಟ್ಟಿನ ಕಡೆಗೆ ಹೋಗುವಾಗ ಆ ಸ್ಟೇಶನ್ನನ್ನು ದಾಟುತ್ತಾರೆ. ಗುರುಗಳ ಅನಂತರ ಕಿರಾನಾದ ಹೊಣೆ ಬಹುಮಟ್ಟಿಗೆ ರಾಮಭಾವು ಅವರ ಮೇಲೆ ಬಿದ್ದಿತು. ಅದನ್ನು ಅವರು ಬಹಳ ಕಾಲ ಹೊರುವಂತಾಗಲಿಲ್ಲ. 1942ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಅರ್ಧ ಆಯುಷ್ಯ ಕಳೆದು ಪಳಗಿಸಿದ ಕಂಠ ಒಂದೇ ಪೆಟ್ಟಿಗೆ ಹೋಯಿತು. ಅವರ ಬಹಿರಂಗ ಕಚೇರಿಗಳು ಅಲ್ಲಿಗೆ ನಿಂತವು.

1946ರ ಜನವರಿಯಲ್ಲಿ ಅವರಿಗೆ ಅರವತ್ತು ತುಂಬಿತು. ಪುಣೆಯಲ್ಲಿ ನಡೆದ ಷಷ್ಟ್ಯಬ್ದಿಯ ಸಮಾರಂಭದಲ್ಲಿ ಭೀಮಸೇನ ಹಾಡಿದರು. ನೀರು ಹೊತ್ತ ಹುಡುಗ ಆಗ ಇಪ್ಪತ್ತನಾಲ್ಕರ ತರುಣ. ಮಹಾರಾಷ್ಟ್ರದ ರಸಿಕರು ಅವರನ್ನು ಗುರುತಿಸಿದ್ದು ಆ ಗಾಯನದಿಂದ. ತಾವು ಇನ್ನು ಹಾಡಲಾಗದ ತಮ್ಮ ಸಂಗೀತವನ್ನು ಗುರುಗಳು ಅಂದು ಇನ್ನೊಬ್ಬರ ಕಂಠದಲ್ಲಿ ಕೇಳಿದರು.

1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಸವಾಯಿ ಗಂಧರ್ವರು ತೀರಿಕೊಂಡರು. ಮರುವರ್ಷವೇ, 1953ರಲ್ಲಿ, ಅವರ ಸ್ಮರಣೆಗಾಗಿ ಸಂಗೀತೋತ್ಸವ ಆರಂಭವಾಯಿತು. ಆರ್ಯ ಸಂಗೀತ ಪ್ರಸಾರಕ ಮಂಡಳವು ಅದನ್ನು ನಡೆಸಿತು, ಭೀಮಸೇನ ಜೋಶಿಯವರು ದಶಕಗಳ ಕಾಲ ಅದಕ್ಕೆ ಬೆನ್ನೆಲುಬಾಗಿ ನಿಂತರು. 2011ರಲ್ಲಿ ಅವರೂ ತೀರಿಕೊಂಡ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನ ಪಕ್ಕಕ್ಕೆ ಶಿಷ್ಯನ ಹೆಸರೂ ಸೇರಿತು. ಇತ್ತ ಕುಂದಗೋಳದ ನಾಡಗೀರರ ವಾಡೆಯಲ್ಲಿಯೂ ಅವರ ಪುಣ್ಯತಿಥಿಯ ನಿಮಿತ್ತವಾಗಿ ಅಹೋರಾತ್ರಿ ಸಂಗೀತ ನಡೆದುಬಂದಿದೆ.

ರಾಮಭಾವು ಅವರ ದನಿಯನ್ನು ಇಂದು ಕೇಳಬೇಕೆಂದರೆ ಉಳಿದಿರುವವು ಕೆಲವು ಹಳೆಯ ಗ್ರಾಮಾಫೋನ್ ತಟ್ಟೆಗಳ ಹಾಡುಗಳು. ಒಂದೊಂದೂ ಸುಮಾರು ಮೂರು ನಿಮಿಷದ್ದು. ಗಂಟಲು ಕಾಯಲು ಅರ್ಧ ತಾಸು ಬೇಡುತ್ತಿದ್ದ ಗಾಯಕನಿಗೆ ಮೂರು ನಿಮಿಷ ಏನು ಸಾಕು? ಆದರೂ ಆ ಹಾಡುಗಳಲ್ಲಿ ಒಂದು ಭೈರವಿ ಇದೆ. ಪುಣೆಯ ಉತ್ಸವದ ಕೊನೆಯಲ್ಲಿ ದೊಡ್ಡ ದೊಡ್ಡ ಕಲಾವಿದರೆಲ್ಲ ಹಾಡಿ ಮುಗಿಸಿದ ಮೇಲೆ ಅದನ್ನು ಹಚ್ಚುವ ರೂಢಿಯಿದೆ. ತಟ್ಟೆಯ ಗರಗರ ಸದ್ದಿನ ನಡುವಿನಿಂದ ಆ ದನಿ ಮೇಲೇಳುತ್ತದೆ. ಅದು ಮುಗಿಯುವವರೆಗೆ ಜನ ಶಾಲು ಮಡಿಚುವುದಿಲ್ಲ.